ಶಲ್ಯದ ಕೆಳಗೆ ಒಂದು ಇಂಗ್ಲಿಷ್ ಶಬ್ದ

ಅಪ್ಪ ಮಿರಜೆಯಿಂದ ಒಂದು ಇಂಗ್ಲಿಷ್ ಶಬ್ದವನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದ. ರೈಲಿನಲ್ಲಿ ಉದ್ದಕ್ಕೂ ಅದನ್ನೇ ತುಟಿಯೊಳಗೆ ಅಂದುಕೊಳ್ಳುತ್ತಿದ್ದನಂತೆ. ಎದುರಿಗೆ ಕುಳಿತ ಅವ್ವ ಅದನ್ನು ಶಿವನಾಮವೆಂದು ತಿಳಿದಿದ್ದಳು, ಅಥವಾ ಹಾಗೆ ತಿಳಿದವಳಂತೆ ಇದ್ದಳು.

ಸಂಸ್ಥಾನಗಳು ವಿಲೀನವಾಗುವುದಕ್ಕೆ ಮೊದಲಿನ ಮಾತು. ನಾವಿದ್ದ ಸಾಂಗಲಿಗೆ ಒಬ್ಬ ರಾಜ, ಮಿರಜೆಗೆ ಇನ್ನೊಬ್ಬ, ನಡುವೆ ಒಂದು ಚಿಕ್ಕ ರೈಲು. ಯಾವ ವರ್ಷವೆಂದು ಕೇಳಿದರೆ ಹೇಳಲಾರೆ. ನಾನು ಪುಣೆಯಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿ ಬಂದ ಬೇಸಿಗೆ ಎಂದು ನನ್ನ ನಂಬಿಕೆ. ಅಕ್ಕ ಅದು ಮರುವರ್ಷ ಎನ್ನುತ್ತಾಳೆ. ಅಕ್ಕನ ನೆನಪು ನನ್ನದಕ್ಕಿಂತ ಗಟ್ಟಿ. ಗಟ್ಟಿ ಇದ್ದದ್ದೆಲ್ಲ ನಿಜ ಇರಬೇಕೆಂದೇನಿಲ್ಲ.

ಅವ್ವನ ಬಲಗಿವಿಯ ಹಿಂದೆ, ತುರುಬಿನ ಮರೆಯಲ್ಲಿ, ನೆಲ್ಲಿಕಾಯಿಯಷ್ಟು ದಪ್ಪದ ಒಂದು ಗಂಟು ಎದ್ದಿತ್ತು. ನೋವಿರಲಿಲ್ಲ. ಎಷ್ಟು ದಿನದಿಂದ ಇತ್ತೋ ಏನೋ, ಅಪ್ಪನ ತಮ್ಮನಾದ ಕಾಕಾನ ಹೆಂಡತಿ, ನಮ್ಮ ಕಾಕು, ತಲೆಗೆ ಎಣ್ಣೆ ಹಚ್ಚುವಾಗ ಬೆರಳಿಗೆ ಸಿಕ್ಕಿತು. ಸಿಕ್ಕಿದ ಮೇಲೆ ಮುಚ್ಚಿಡಲು ಆಗಲಿಲ್ಲ.

ಮಿರಜ ಜಂಕ್ಷನ್ನಿನ ಆಚೆ ಒಬ್ಬ ಮುದಿ ಬಿಳಿ ಡಾಕ್ಟರ್ ಇದ್ದ. ರೈಲ್ವೆಯಲ್ಲಿ ನೌಕರಿ ಮುಗಿಸಿ, ತನ್ನ ದೇಶಕ್ಕೆ ಹಿಂದಿರುಗದೆ ಅಲ್ಲೇ ಬಂಗಲೆ ಹಿಡಿದು ಕುಳಿತವ. ಮುಂಜಾನೆ ವರಾಂಡದಲ್ಲಿ ಬಂದವರನ್ನು ನೋಡುತ್ತಿದ್ದ. ಮರಾಠಿಯನ್ನು ಹಳಿ ಹಾಕುವ ಆಳುಗಳಿಂದ ಕಲಿತದ್ದರಿಂದ ಅವನ ಮಾತೆಲ್ಲ ಅಪ್ಪಣೆಯಂತೆ ಇರುತ್ತಿತ್ತು: ಎತ್ತು, ಇಡು, ಸರಿ, ನಡೆ. ಅವನು ಅವ್ವನ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಹೊರಳಿಸಿ ನೋಡಿದ. ನೋಡಿ ಮುಗಿದದ್ದೇ ಅಪ್ಪ ಅವ್ವನನ್ನು ಹೊರಗೆ ಟಾಂಗಾದಲ್ಲಿ ಕೂಡ್ರಲು ಕಳಿಸಿದ. ಡಾಕ್ಟರ್ ಹೇಳುವುದನ್ನು ಕೇಳುವುದು ಗಂಡಸರ ಕೆಲಸ ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಸಂಗತಿ. ಅವಳು ಮೆಟ್ಟಿಲಿಳಿದ ಮೇಲೆ ಡಾಕ್ಟರ್ “ಎ ವೆನ್” ಎಂದ. ಆಮೇಲೆ ತನ್ನ ಹಳಿಯ ಮರಾಠಿಯಲ್ಲಿ ಎರಡು ಮಾತು: ಕೊಯ್ಯೂದಿಲ್ಲ, ಮನೀಗೆ ಒಯ್ಯಿ.

ಆ ಎರಡು ಮಾತು ನಮ್ಮ ಮನೆಗೆ ಹೊಸವಲ್ಲ. ಹಿಂದಿನ ವರ್ಷ ದೊಡ್ಡಪ್ಪನ ಗಂಟಲಲ್ಲಿ ಗಡ್ಡೆ ಬೆಳೆದಾಗ, ದೂರದ ಒಂದು ದವಾಖಾನೆಯಲ್ಲಿ ಇವೇ ಮಾತು ಹೇಳಿ ಕಳಿಸಿದ್ದರು. ಕೊಯ್ಯುವುದು ಬೇಡ, ಮನೆಗೆ ಕರೆದೊಯ್ಯಿರಿ. ದೊಡ್ಡಪ್ಪ ಶ್ರಾವಣ ನೋಡಲಿಲ್ಲ. ಅಂದಿನಿಂದ ಆ ಮಾತಿಗೆ ನಮ್ಮಲ್ಲಿ ಉಳಿದದ್ದು ಒಂದೇ ಅರ್ಥ. ಇನ್ನು ಆಸೆ ಏನಿದ್ದರೂ ಆ ಮೊದಲಿನ ಇಂಗ್ಲಿಷ್ ಶಬ್ದದಲ್ಲಿರಬೇಕು. ಡಾಕ್ಟರನನ್ನೇ ಇನ್ನೊಮ್ಮೆ ಕೇಳೋಣವೆಂದರೆ ಅವನು ಆ ಸಂಜೆಯ ಗಾಡಿಗೇ ಮಹಾಬಳೇಶ್ವರದ ಬೆಟ್ಟಕ್ಕೆ ಹೊರಟುಹೋಗಿದ್ದ. ಬೇಸಿಗೆ ಅಲ್ಲಿ ಕಳೆದು, ಮಳೆ ಹಿಡಿಯುವಾಗ ಇಳಿದು ಬರುವವ.

ಅವತ್ತು ಸಂಜೆ ಅಪ್ಪ ಕೈಕಾಲು ತೊಳೆದು ಪಡಸಾಲೆಯಲ್ಲಿ ಕಾಕಾನ ಎದುರು ಕುಳಿತ. ಹೆಗಲ ಮೇಲಿನ ಶಲ್ಯ ತೆಗೆದು ಇಬ್ಬರ ಕೈ ಮೇಲೆ ಹಾಸಿದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಅರಿಷಿಣದ ದಲಾಲಿ ಮನೆ. ಪೇಟೆಯಲ್ಲಿ ಧಾರಣೆಯನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ದಲಾಲನೂ ಬಟ್ಟೆಯ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಬಿಟ್ಟು, ವ್ಯವಹಾರ ಮುಗಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ತನ್ನ ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಇಬ್ಬರ ಮುಖ ನೋಡುತ್ತಿದ್ದ. ಮುಖದಲ್ಲಿ ಏನೂ ಕಾಣದ ಹಾಗೆ ಇರುವುದೇ ದಲಾಲನ ವಿದ್ಯೆ. ಬೆರಳಿನ ಲೆಕ್ಕ ಎಲ್ಲರದು. ಅದರ ಜೊತೆಗೆ ನಮ್ಮ ಮನೆಯವರೂ ಮಿರಜೆಯ ನಮ್ಮ ಬೀಗರೂ ಇಟ್ಟುಕೊಂಡ ಎರಡು ಗುರುತು ಬೇರೆ ಇದ್ದವು. ನದಿಯ ದಂಡೆಯಲ್ಲಿ ಅರಿಷಿಣ ತುಂಬಿಡುವ ನೆಲದೊಳಗಿನ ಹಗೇವು ತೆರೆದಾಗ, ಮಾಲು ಕೆಟ್ಟಿದ್ದರೆ ಕಿರುಬೆರಳನ್ನು ಮೇಲಕ್ಕೆ ಮುರಿದು ಹಿಡಿಯುವುದು. ಮಾಲು ಚೊಕ್ಕ ಇದ್ದರೆ ಮಣಿಕಟ್ಟು ಹಿಡಿಯುವುದು. ರೈತನ ಎದುರಿಗೆ ಬಾಯಿಬಿಟ್ಟರೆ ಅವನು ಅಲ್ಲೇ ಕುಸಿಯುತ್ತಾನೆ ಎಂಬುದು ಇದರ ಹಿಂದಿನ ಕರುಣೆ, ಅಥವಾ ಚಾಲಾಕಿ. ಎರಡರಲ್ಲಿ ಯಾವುದೆಂದು ನನಗೆ ಇನ್ನೂ ಬಗೆಹರಿದಿಲ್ಲ. ಹೇಗೋ ಏನೋ, ಈ ರೂಢಿ ಪೇಟೆಯಿಂದ ಮನೆಗೂ ಬಂದಿತ್ತು. ಹೆಣ್ಣಿನ ಸಂಬಂಧ ಮುರಿದರೆ, ಯಾರಾದರೂ ಹಾಸಿಗೆ ಹಿಡಿದರೆ, ಗಂಡಸರು ಶಲ್ಯದ ಕೆಳಗೆ ಮಾತಾಡುತ್ತಿದ್ದರು.

ಅವತ್ತು ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಕಾಕಾನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ಕಂದೀಲಿನ ಗಾಜು ಒರೆಸುತ್ತಿದ್ದಳು. ಅವಳ ಕೈ ನಿಂತಿತೇ? ನಿಂತಿತೆಂದು ಈಗ ಅನಿಸುತ್ತದೆ. ಆಮೇಲೆ ಗೊತ್ತಾದದ್ದನ್ನು ಅಂದೇ ಕಂಡೆನೆಂದು ಸೇರಿಸಿಕೊಂಡಿರಬಹುದು.

ಅಪ್ಪ ನನ್ನನ್ನು ಹಿತ್ತಿಲ ವಖಾರಕ್ಕೆ ಕರೆದ. ಚೀಲಗಳ ನಡುವೆ ನಿಂತು ಕೇಳಿದ:

“ವೆನ್ ಅಂದ್ರ ಏನೋ?”

“ಯಾವಾಗ ಅಂತ—”

“ಅದಲ್ಲ. ಅದು ನನಗೂ ಗೊತ್ತದ. ಮಾಲಗಾಡಿ ವೆನ್, ಮಾಲಗಾಡಿ ವೆನ್ ಅಂತ ಸ್ಟೇಶನ್ನಿನ ಬಾಬೂನ ಮುಂದ ದಿನಾ ಬಡಕೋತೀನಿ. ಸಾಹೇಬ ಗಂಟು ಮುಟ್ಟಿ ‘ಎ ವೆನ್’ ಅಂದ. ಒಂದು ಜಿನಸಿನ ಹೆಸರು ಹೇಳಿದಂಗ.”

“ಇನ್ನೊಮ್ಮೆ ಅನ್ರಿ, ಅಪ್ಪಾ.”

“ಎ, ವೆನ್. ನನಗೇನ್ ಸಾಲೀ ಹುಡುಗನ್ನ ಕೇಳಿದಂಗ ಕೇಳ್ತೀ? ಮುಂಜಾನಿಂದ ಸಂಜೀತನಕಾ ಊರ ರೈತರ ಧಾರಣಿ ಈ ತಲ್ಯಾಗ ಇಟಗೊಂಡು ಬರ್ತೀನಿ, ಒಂದರೇ ತಪ್ಪೇದೇನು?”

ತಪ್ಪಿರಲಿಲ್ಲ. ಅಪ್ಪನ ಕಿವಿ ಪೇಟೆಯಲ್ಲೇ ಹೆಸರಾದದ್ದು. ಶಬ್ದ ಅದೇ, ನನಗೇ ಅದು ಗೊತ್ತಿರಲಿಲ್ಲ.

“ಪುಣ್ಯಾದಾಗ ಇದನ್ನ ಕಲಿಸಲಿಲ್ಲೇನು?” ಎಂದ ಅಪ್ಪ. ಚುಚ್ಚಲು ಅಂದ ಮಾತಲ್ಲ, ನಿಜವಾಗಿ ಕೇಳಿದ. ಅದಕ್ಕೇ ಹೆಚ್ಚು ಚುಚ್ಚಿತು.

ಪುಣೆಯಲ್ಲಿ ಹಳೆಯ ಇಂಗ್ಲಿಷ್ ಶಬ್ದಗಳೆಂದರೆ ನನಗೆ ಪ್ರಾಣವಾಗಿತ್ತು. ಇಂಗ್ಲಿಷರೇ ಬಿಟ್ಟುಕೊಟ್ಟ ಶಬ್ದಗಳು. ಆಕಾಶಕ್ಕೆ ವೆಲ್ಕಿನ್, ಗಂಟುಮೂಟೆಗೆ ಫಾರ್ಡೆಲ್, ವಾರಕ್ಕೆ ಸೆನ್ನೈಟ್. ಏಳು ರಾತ್ರಿ ಕೂಡಿದರೆ ಒಂದು ಸೆನ್ನೈಟ್ ಎಂದು ತಿಳಿದ ದಿನ ನನಗೆ ಊಟ ಸೇರಿರಲಿಲ್ಲ. ಅವರೂ ಒಂದು ಕಾಲದಲ್ಲಿ ನಮ್ಮ ಹಳ್ಳಿಯವರಂತೆ ರಾತ್ರಿ ಎಣಿಸುತ್ತಿದ್ದರಲ್ಲ ಎಂಬ ಸಂತೋಷ. ವಸತಿಗೃಹದ ಗೆಳೆಯರು ನನ್ನನ್ನು ನೋಡಿದರೆ ದಾರಿ ಬದಲಿಸುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದವನಿಗೆ ಅವ್ವನ ತಲೆಯ ಮೇಲೆ ಕುಳಿತ ಮೂರಕ್ಷರದ ಒಂದು ಶಬ್ದ ಗೊತ್ತಿರಲಿಲ್ಲ.

ಮನೆಯಲ್ಲಿದ್ದ ಶಾಲೆಯ ಕಾಲದ ಡಿಕ್ಷನರಿ ತೆಗೆದು ನೋಡಿದೆ. ಆ ಶಬ್ದ ಇರಬೇಕಾದ ಜಾಗದ ಹಿಂದೊಂದು ಶಬ್ದವಿತ್ತು, ಮುಂದೊಂದು ಶಬ್ದವಿತ್ತು, ನಡುವೆ ಒಂದು ಬಿಳಿ ಗೆರೆಯಷ್ಟು ಸಂದಿ. ಚಿಕ್ಕ ಡಿಕ್ಷನರಿಯವರು ಹಳೆಯ ಶಬ್ದಗಳನ್ನು ಕೈಬಿಡುತ್ತಾರೆ ಎಂಬುದು ನನಗೆ ಗೊತ್ತಿದ್ದ ವಿಷಯವೇ. ಆದರೂ ಆ ಸಂದಿಯನ್ನು ನೋಡುತ್ತ, ಮಕ್ಕಳ ಪುಸ್ತಕದಲ್ಲಿ ಅಚ್ಚು ಹಾಕಬಾರದಂಥ ಏನೋ ಇರಬೇಕು ಎಂದುಕೊಂಡೆ. ತರ್ಕ ಕಲಿತವನು ಹೆದರಿದಾಗ ತರ್ಕವೂ ಹೆದರಿಕೆಯ ಕೂಲಿ ಮಾಡುತ್ತದೆ.

ಸಾಂಗಲಿಯಲ್ಲಿ ಡಾಕ್ಟರರು ಬೇರೆ ಇರಲಿಲ್ಲವೇ ಎಂದು ಇಂದಿನವರು ಕೇಳುತ್ತಾರೆ. ಇದ್ದರು. ಅವರಲ್ಲಿ ಒಬ್ಬರ ಕಂಪೌಂಡರ್ ನಮ್ಮ ಓಣಿಯವನೇ. ಅಕ್ಕನಿಗೆ ಗಂಡು ನೋಡುತ್ತಿದ್ದರು. ತಾಯಿಗೆ ಹೀಗಂತೆ ಎಂಬ ಸುದ್ದಿ ಹೊರಗೆ ಬಿದ್ದರೆ ಬಂದ ಸಂಬಂಧ ಹಿಂದೆ ಸರಿಯುತ್ತದೆ. “ಮನೀ ಮಾತು ಪ್ಯಾಟಿಗೆ ಹೋಗಬಾರದು” ಎಂದು ಅಪ್ಪ ಕಟ್ಟುಹಾಕಿದ. ಗಂಟನ್ನು ಯಾರಿಗೂ ತೋರಿಸುವಂತಿಲ್ಲ. ಶಬ್ದದ ಅರ್ಥವನ್ನು ಮಾತ್ರ ಕೇಳಬಹುದು, ಯಾಕೆಂದು ಹೇಳದೆ.

ವಿಶ್ರಾಮಬಾಗದ ಕಾಲೇಜಿಗೆ ಹೋದೆ. ಬೇಸಿಗೆಯ ಸೂಟಿ. ಇಂಗ್ಲಿಷ್ ಪ್ರೊಫೆಸರರು ಕೊಂಕಣದ ತಮ್ಮ ಊರಲ್ಲಿ ಮಾವಿನಹಣ್ಣು ತಿನ್ನುತ್ತಿದ್ದಾರೆಂದು ಜವಾನ ಹೇಳಿದ. ಊರಿನ ವಾಚನಾಲಯದಲ್ಲಿ ದೊಡ್ಡ ಡಿಕ್ಷನರಿ ಇತ್ತು. ಅದರ ಎರಡನೆಯ ಸಂಪುಟ ಬೈಂಡಿಂಗಿಗೆ ಕೊಲ್ಲಾಪುರಕ್ಕೆ ಹೋಗಿತ್ತು. ಮೊದಲ ಸಂಪುಟವನ್ನು ಸುಮ್ಮನೆ ತೆರೆದು ಸ್ವಲ್ಪ ಹೊತ್ತು ಕುಳಿತೆ. ಯಾವುದೋ ಶಬ್ದ ಚೆನ್ನಾಗಿತ್ತು. ಯಾವುದೆಂದು ಮರೆತಿದ್ದೇನೆ, ಅದು ಚೆನ್ನಾಗಿತ್ತೆಂದು ನಾಚಿಕೆಯಾದದ್ದು ಮರೆತಿಲ್ಲ.

ಈ ನಡುವೆ ಮನೆಯಲ್ಲಿ ಎಲ್ಲರೂ ಅವ್ವನ ಮೇಲೆ ಮಮತೆ ತೋರಿಸತೊಡಗಿದರು. ಅಪ್ಪ ಸಾರಿಗೆ ಉಪ್ಪು ಹೆಚ್ಚಾದರೂ ಮಾತಾಡದೆ ಉಂಡ. ರತ್ನಾಗಿರಿಯ ಒಳ್ಳೆಯ ಮಾವಿನಹಣ್ಣಿನ ಬುಟ್ಟಿ ಬಂತು, ಹಬ್ಬವಿಲ್ಲ, ಬೀಗರಿಲ್ಲ. ಕಾಕು ಬೀಸುವಕಲ್ಲಿನ ಮುಂದೆ ತಾನೇ ಕುಳಿತು, “ಅಕ್ಕಾರ, ನೀವು ಏಳ್ರಿ, ನಾ ಬೀಸ್ತೀನಿ” ಎಂದಳು.

ಅವ್ವ ಏಳಲಿಲ್ಲ. “ಯಾಕ? ನಿನ್ನೀತನಕಾ ನಿನ್ನ ರಟ್ಟಿ ನೋಯ್ತಿದ್ವಲ್ಲ?”

“ಇವತ್ತು ಆರಾಮ ಅನಸ್ತದರಿ.”

“ಈ ಮನ್ಯಾಗ ಎಲ್ಲಾರಿಗೂ ಒಮ್ಮಿಂದೊಮ್ಮೆ ಆರಾಮ ಆಗೇದ. ಇವರು ಉಪ್ಪು ಸೈರಿಸ್ತಾರ, ನೀ ಜ್ವಾಳಾ ಬೀಸ್ತೀ, ಬಿ.ಎ. ಆದಾಂವ ನೀರಿನ ಕೊಡಾ ಎತ್ತತಾನ. ನನಗ ಒಬ್ಬಾಕಿಗೆ ಏನೋ ಆಗಿರಬೇಕು.”

ಕಾಕು ಕಣ್ಣಿಗೆ ಸೆರಗು ಹಚ್ಚಿದಳು. “ಹಿಟ್ಟು ಹಾರತದ್ರಿ” ಎಂದಳು. ಹಿಟ್ಟು ಇನ್ನೂ ಬಿದ್ದೇ ಇರಲಿಲ್ಲ.

ವಾಚನಾಲಯದ ಕಾರಕೂನನೇ ಒಂದು ದಾರಿ ಹೇಳಿದ. ಬುಧಗಾಂವದಲ್ಲಿ ಒಬ್ಬ ವಕೀಲರಿದ್ದಾರೆ, ಅವರಿಗೆ ಸತ್ತ ಇಂಗ್ಲಿಷ್ ಶಬ್ದಗಳ ಚಟ, ಹೋಗಿ ಕೇಳು ಎಂದ. ಬುಧಗಾಂವ ಮತ್ತೊಬ್ಬ ರಾಜನ ಊರು. ಸಾಂಗಲಿಯ ಮಗ್ಗುಲಲ್ಲೇ ಇದ್ದರೂ ನಡುವೆ ಸುಂಕದ ನಾಕೆಯಿತ್ತು. ಬಿಸಿಲೇರುವ ಮೊದಲೇ ಕಾಕಾನ ಸೈಕಲ್ ಹತ್ತಿದೆ. ಎತ್ತಿನ ಗಾಡಿಯಲ್ಲಿ ಹೋದೆನೆಂದು ಅಕ್ಕ ವಾದಿಸುತ್ತಾಳೆ. ಸೈಕಲ್ಲಿನ ಸರಪಳಿ ಬುಧಗಾಂವದ ಹತ್ತಿರ ಕಳಚಿ, ಮಸಿ ಕೈಯಲ್ಲೇ ವಕೀಲರ ಮನೆ ಮುಟ್ಟಿದ್ದು ನನಗೆ ನೆನಪಿದೆ. ಈ ಮಸಿಯನ್ನು ಆಮೇಲೆ ಸಾಕ್ಷಿಗೆ ಕರೆಯುವವನಿದ್ದೇನೆ.

ವಕೀಲರು ದಪ್ಪ ಕನ್ನಡಕದ, ಬನಿಯನ್ ತೊಟ್ಟ, ಬಹಳ ಖುಷಿಯ ಮನುಷ್ಯ. ಮಾತಾಡಿದ್ದು ಮರಾಠಿಯಲ್ಲಿ, ನನ್ನ ತಲೆಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹೇಗೆ ಬದಲಾಯಿತೋ ತಿಳಿಯದು. ದರಬಾರಿಗೆ ಬರೆಯುವ ಅರ್ಜಿಗಳಲ್ಲಿ ಅವರು ಯಾರೂ ಬಳಸದ ಶಬ್ದಗಳನ್ನು ಹುಡುಕಿ ತುಂಬುತ್ತಿದ್ದರು. ಮನೆ ಎಂದು ಬರೆಯುವಲ್ಲಿ ಮೆಸ್ವಿಜ್ ಎಂದು ಬರೆಯುತ್ತೇನೆಂದು ನಾನು ಬಂದೊಡನೆ ಅವರೇ ಹೇಳಿದರು. ಅಂಗಳ, ಹಿತ್ತಿಲು, ಕೊಟ್ಟಿಗೆ ಸಹಿತವಾದ ಮನೆ ಅದು.

“ಅರ್ಥ ಆಗೋ ಅರ್ಜಿಗೆ ದರಬಾರದವರು ಆಗೂದಿಲ್ಲ ಅಂತ ಬರೀತಾರ. ಅರ್ಥ ಆಗಲಾರದ ಅರ್ಜಿಗೆ ಆಗೂದಿಲ್ಲ ಅನ್ನಾಕ ಅವರಿಗೆ ಧೈರ್ಯಾ ಇಲ್ಲ” ಎಂದು ನಕ್ಕರು. “ಕುಂದ್ರು. ಯಾವ ಶಬ್ದ?”

“ವೆನ್.”

“ಹಾಂ!” ಕಣ್ಣು ಮುಚ್ಚಿದರು. ಸಿಹಿ ಬಾಯಲ್ಲಿ ಹಾಕಿಕೊಂಡವರ ಹಾಗೆ. “ಯಾಕ ಬೇಕು?”

“ಸುಮ್ಮನೆ. ಓದುವಾಗ ಸಿಕ್ಕಿತು.”

“ಯಾವುದರಾಗ?”

“ಮರೆತೆ.”

“ಮರತಾಂವಗ ಇಷ್ಟು ಬಿಸಲಾಗ ಸೈಕಲ್ ತುಳಿಯೂದು ಯಾಕ ಬೇಕಾಗಿತ್ತು? ಇರಲಿ. ಮೊದಲ ನೀ ಹೇಳು. ಫಾರ್ಡೆಲ್?”

“ಗಂಟು. ಹೊರೆ.”

“ಶಾಭಾಸ್. ವಿಲಮ್?”

“ಹಿಂದೊಮ್ಮೆ.”

“ಮೆಸ್ವಿಜ್ ಈಗ ನಾನ ಹೇಳಿಬಿಟ್ಟೆ, ಹೋಗಲಿ. ರೆಲಿಕ್ಟ್?”

ಸತ್ತವನು ಬಿಟ್ಟುಹೋದ ಹೆಂಡತಿ, ವಿಧವೆ. ನನಗೆ ಗೊತ್ತಿತ್ತು. ಆದರೆ ಹೆಂಡತಿ ಸತ್ತು ಹಿಂದೆ ಉಳಿದ ಗಂಡನಿಗೆ ಅಂಥ ಶಬ್ದ ಉಂಟೇ ಎಂದು ಆ ಹೊತ್ತಿಗೆ ತಲೆಯಲ್ಲಿ ಬಂತು. ಪಡಸಾಲೆಯಲ್ಲಿ ಒಬ್ಬನೇ ಕುಳಿತ ಅಪ್ಪ ಕಂಡ.

“ಸೋತೆ?” ಎಂದರು ವಕೀಲರು.

“ಸೋತೆ, ಸಾಹೇಬ್ರ. ನನಗೆ ವೆನ್ ಹೇಳ್ರಿ.”

ನನ್ನ ದನಿಯಲ್ಲಿ ಏನಿತ್ತೋ, ಅವರು ನಗುವುದನ್ನು ನಿಲ್ಲಿಸಿ ಎದ್ದರು. ಒಳಗಿನಿಂದ ಡಿಕ್ಷನರಿ ತಂದರು, ಕೂಸನ್ನು ತರುವ ಹಾಗೆ ಎರಡೂ ಕೈಯಲ್ಲಿ. ದಾರದಲ್ಲಿ ಕಟ್ಟಿದ ಭೂತಗನ್ನಡಿ ಅದರ ಬೆನ್ನಿಗೆ ತೂಗುತ್ತಿತ್ತು. ಪುಟ ಹುಡುಕಿ, ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ಭೂತಗನ್ನಡಿ ಕೈಗೆ ಕೊಟ್ಟರು. ಓದಿ ಹೇಳದೆ ನನಗೇ ಓದಲು ಬಿಟ್ಟದ್ದು ಅವರ ದೊಡ್ಡತನ.

ಚರ್ಮದ ಅಡಿಯಲ್ಲಿ ಏಳುವ ಗಂಟು, ಬಹುಮಟ್ಟಿಗೆ ತಲೆಯ ಮೇಲೆ, ನೋವಿಲ್ಲದ್ದು, ಅಪಾಯವಿಲ್ಲದ್ದು.

ಕೊನೆಯ ಶಬ್ದವನ್ನು ಎಷ್ಟು ಸಲ ಓದಿದೆನೋ. ಸಂಶಯದವನಿಗೆ ಒಂದು ಸಲ ಓದಿದ್ದು ಸಾಲದು. ಮತ್ತೆ ಹಿಂದಿನ ಶಬ್ದದ ಅರ್ಥ ಈ ಸಾಲಿಗೆ ಬಂದಿದೆಯೇ ಎಂದು ನೋಡಿದೆ, ಮುಂದಿನದರ ಅರ್ಥ ಇಲ್ಲಿಗೆ ಇಳಿದಿದೆಯೇ ಎಂದು ನೋಡಿದೆ. ಇಲ್ಲ. ಆಮೇಲೆ ಡಾಕ್ಟರನ ಇನ್ನೊಂದು ಮಾತು ತಾನಾಗಿಯೇ ತಿರುಗಿ ನಿಂತಿತು. ಕೊಯ್ಯೂದಿಲ್ಲ, ಮನೀಗೆ ಒಯ್ಯಿ. ಕೊಯ್ಯುವಂಥದ್ದು ಏನೂ ಇಲ್ಲ, ಮನೆಗೆ ಹೋಗಿ ಎಂದಿದ್ದ ಮುದುಕ. ದೊಡ್ಡಪ್ಪನ ಸಾವಿನ ಕಿವಿಯಲ್ಲಿ ನಾವು ಅದನ್ನು ಕೇಳಿಸಿಕೊಂಡಿದ್ದೆವು.

“ಯಾರಿಗೆ?” ಎಂದು ವಕೀಲರು ಮೆಲ್ಲಗೆ ಕೇಳಿದರು.

ಅಪ್ಪ ಹಾಕಿದ ಕಟ್ಟು ನೆನಪಾಯಿತು. “ಓದುವಾಗ ಸಿಕ್ಕಿತು” ಎಂದೆ.

“ಛಲೋ ಆತು” ಎಂದರು. “ಓದಿದವರಿಗೆ ಆರಾಮ ಆಗಲಿ.” ಮನೆಯವರನ್ನು ಕೂಗಿ ಒಂದು ತಂಬಿಗೆ ಮಜ್ಜಿಗೆ ತರಿಸಿದರು. ಅಷ್ಟು ಮಜ್ಜಿಗೆಯನ್ನು ನಾನು ಮತ್ತೆ ಯಾವತ್ತೂ ಕುಡಿದಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಮುಟ್ಟಿದೆ. ದಾರಿಯುದ್ದಕ್ಕೂ ಓಣಿಯಲ್ಲಿ ನಿಂತು ಕೂಗಿಬಿಡಬೇಕು ಅನ್ನಿಸುತ್ತಿತ್ತು. ಆದರೆ ಮನೆಯೊಳಗೆ ಕಾಲಿಟ್ಟಾಗ ಪಡಸಾಲೆಯಲ್ಲಿ ತಾಟು ಹಾಕಿದ್ದರು, ಕಾಕಾ ಕುಳಿತಿದ್ದ, ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಎತ್ತಿ ತಡೆದ. ಶಲ್ಯ ತೆಗೆದ. ತನ್ನ ಬಲಗೈ ಮೇಲೆ ಹಾಸಿಕೊಂಡು ನನ್ನತ್ತ ಚಾಚಿದ.

ಈ ಶಲ್ಯದ ವ್ಯವಹಾರವನ್ನು ನಾನು ಪುಣೆಯಿಂದ ಬಂದಾಗಿನಿಂದ ಗೇಲಿ ಮಾಡುತ್ತಿದ್ದೆ, ಕತ್ತಲೆಯ ಕಾಲದ್ದು ಎನ್ನುತ್ತಿದ್ದೆ. ಆದರೆ ಅಪ್ಪ ಅಡಿಗೆಮನೆಯ ಬಾಗಿಲ ಕಡೆ ನೋಡುತ್ತ ಆ ಕೈಯನ್ನು ಇನ್ನಷ್ಟು ಮುಂದೆ ಚಾಚಿದ. ಅವನ ಎದುರು ಕುಳಿತು ಶಲ್ಯದ ಕೆಳಗೆ ಕೈ ಹಾಕಿದೆ.

ರೊಟ್ಟಿಯ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಕೈ ತಗೀರಿ” ಎಂದಳು ಅಪ್ಪನಿಗೆ.

“ಏನು?”

“ನಿಮ್ಮ ಕೈ ತಗೀರಿ ಅಂದೆ. ಮಾಲು ನಂದು. ಧಾರಣಿ ನಿಮಗ್ಯಾಕ?”

ಕಾಕಾ ತಾಟು ನೋಡತೊಡಗಿದ. ಅಪ್ಪ, “ಏ, ಅದೇನಲ್ಲ, ಅರಿಷಿಣದ್ದು—” ಎಂದ.

“ಅರಿಷಿಣದ್ದಂತ! ನಾನೂ ಮಿರಜಿ ದಲಾಲರ ಮಗಳು. ಅಪ್ಪನ ಶಲ್ಯದ ಬುಡಕ ಆಡಿಕೋತ ಬೆಳದಾಕಿ. ಅವತ್ತು ಸಂಜಿಗೆ ನಿಮ್ಮ ಕಿರಿಬಳ್ಳಿನ ಕಡೆ ಬಟ್ಟಿ ಮ್ಯಾಲ ಎದ್ದದ್ದು ನಾ ಕಂದೀಲ ಒರಸಿಕೋತ ನೋಡೀನಿ. ನಾಕು ದಿನ ಸುಮ್ಮನಾದೆ, ಬಾಯಿಲೆ ಹೇಳ್ತಾರೇನೋ ಅಂತ. ಮಾವಿನಹಣ್ಣು ತಂದ್ರಿ.”

ಅವ್ವ ಅಪ್ಪನ ಪಕ್ಕದಲ್ಲಿ ಕುಳಿತು, ಅವನ ಕೈಯನ್ನು ಪಕ್ಕಕ್ಕೆ ತಳ್ಳಿ, ತನ್ನ ಕೈಯನ್ನು ಶಲ್ಯದ ಕೆಳಗೆ ಹಾಕಿದಳು. “ಹೇಳೋ” ಎಂದಳು ನನಗೆ.

ನಾನು ಅವಳ ಮಣಿಕಟ್ಟು ಹಿಡಿದೆ.

ಹಿಟ್ಟು ಒಣಗಿ ಚರ್ಮ ಒರಟಾಗಿತ್ತು. ಬಳೆಗಳು ನನ್ನ ಬೆರಳಿಗೆ ಒತ್ತಿದವು. ಅವಳು ನನ್ನ ಮುಖವನ್ನು ನೋಡಲಿಲ್ಲ, ಶಲ್ಯವನ್ನು ನೋಡುತ್ತಿದ್ದಳು. ಪೇಟೆಯಲ್ಲಿ ಹುಟ್ಟಿದವಳಿಗೆ ಮುಖದ ಮೇಲೆ ವಿಶ್ವಾಸವಿಲ್ಲ. ಇನ್ನೊಮ್ಮೆ ಹಿಡಿ ಎನ್ನುವಂತೆ ಕೈಯನ್ನು ಸ್ವಲ್ಪ ಅಲ್ಲಾಡಿಸಿದಳು. ಇನ್ನೊಮ್ಮೆ ಹಿಡಿದೆ, ಈ ಸಲ ಗಟ್ಟಿಯಾಗಿ.

“ಖರೇನ?”

“ಖರೇನ, ಅವ್ವಾ. ವೆನ್ ಅಂದ್ರ ಸುಮ್ಮನ ಒಂದು ಗಂಟು. ಅದರಿಂದ ಏನೂ ಆಗೂದಿಲ್ಲ. ಅದಕ್ಕೇ ಕೊಯ್ಯೂದಿಲ್ಲ ಅಂದಾನ.”

ಅವ್ವ ಕೈ ಹೊರಗೆ ತೆಗೆದಳು. ಮಣಿಕಟ್ಟಿನ ಮೇಲೆ ನನ್ನ ಐದೂ ಬೆರಳಿನ ಕರಿ ಮಸಿ. ಅದನ್ನು ನೋಡಿ, “ಕೈ ತೊಳಕೊಂಡು ಬಂದಿದ್ರ ಸಾವೇನು ಓಡಿ ಬರ್ತಿತ್ತೇನು?” ಎಂದಳು. ಎದ್ದು ಒಳಗೆ ಹೋದಳು. ಆಮೇಲೆ ರೊಟ್ಟಿ ಬಡಿಯುವ ಸಪ್ಪಳ, ಮೊದಲಿಗಿಂತ ಜೋರಾಗಿ.

ಅಪ್ಪ ಆ ಶಲ್ಯವನ್ನು ಮಡಚಲಿಲ್ಲ, ಅದರಲ್ಲೇ ಮುಖ ಒರೆಸಿಕೊಂಡ. ಒಂದು ತುತ್ತು ಉಂಡ ಮೇಲೆ, “ಪಲ್ಲೇಕ ಉಪ್ಪು ಭಾಳ ಆಗೇದ” ಎಂದ. ಒಳಗಿನಿಂದ ಅವ್ವ, “ಆಗಲಿ!” ಎಂದಳು. ಕಾಕಾ ನಗತೊಡಗಿದವನು ತುತ್ತು ನೆತ್ತಿಗೇರಿ ಠಸಿಕಿ ಬಂದು ನೀರು ಕುಡಿಯಬೇಕಾಯಿತು.

ಅಕ್ಕ ಇದನ್ನೆಲ್ಲ ಬೇರೆ ರೀತಿ ಹೇಳುತ್ತಾಳೆ. ಅವ್ವ ಶಲ್ಯದ ಕೆಳಗೆ ಕೈ ಹಾಕಲೇ ಇಲ್ಲ, ಶಲ್ಯವನ್ನೇ ಕಿತ್ತು ಎಸೆದಳು ಎನ್ನುತ್ತಾಳೆ. ಚೆನ್ನಾಗಿದೆ, ನಾನು ಬರೆಯುವಾಗ ಎರಡು ಸಲ ಹಾಗೇ ಬರೆದು ಹೊಡೆದುಹಾಕಿದೆ. ಆದರೆ ಮಸಿ? ಸೈಕಲ್ಲೇ ಇರಲಿಲ್ಲ, ಮಸಿ ಎಲ್ಲಿಯದು ಎನ್ನುತ್ತಾಳೆ. ನನ್ನ ಸಾಕ್ಷಿಯನ್ನೇ ಅವಳು ಒಪ್ಪುವುದಿಲ್ಲ. ಎಷ್ಟೋ ವರ್ಷದ ಮೇಲೆ ಮುಂಬಯಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಬುಧಗಾಂವದ್ದೂ ನನ್ನ ಕಲ್ಪನೆ ಇರಬಹುದೇ ಎಂಬ ಹೆದರಿಕೆ ಹತ್ತಿ, ಎಲ್ಲಕ್ಕಿಂತ ದೊಡ್ಡ ಡಿಕ್ಷನರಿ ತೆಗೆಸಿ ಆ ಶಬ್ದ ನೋಡಿದೆ. ಇತ್ತು. ಅರ್ಥವೂ ಅದೇ. ಬಹಳ ಹಳೆಯ ಶಬ್ದ, ಹುಟ್ಟಿದ್ದು ಎಲ್ಲಿ ಎಂಬುದು ಅನಿಶ್ಚಿತ ಎಂದು ಬರೆದಿತ್ತು. ಅಷ್ಟು ದೊಡ್ಡ ಪುಸ್ತಕವೇ ಅನಿಶ್ಚಿತ ಎನ್ನುವಾಗ ನನ್ನದೇನು ಎಂದು ಹಗುರಾಗಿ ಹೊರಗೆ ಬಂದೆ.

ಮನೆಯಲ್ಲಿ ಆ ಶಬ್ದ ಉಳಿಯಿತು. ಇಂಗ್ಲಿಷರು ಬಿಟ್ಟದ್ದನ್ನು ನಾವು ಇಟ್ಟುಕೊಂಡೆವು. ಕಾಕು ಎಣ್ಣೆ ಹಚ್ಚುವಾಗ ಅವ್ವ, “ಮೆಲ್ಲಕ, ಅಲ್ಲಿ ನಮ್ಮ ವೆನ್ ಕುಂತದ” ಎನ್ನುವಳು, ಮನೆಯ ಹಳೆಯ ನೆಂಟನ ಬಗ್ಗೆ ಹೇಳುವ ಹಾಗೆ. ಮುಂದೆ ಕನ್ನಡ ಅರ್ಧ ತಿಳಿಯುವ ಮೊಮ್ಮಕ್ಕಳು ಮರಾಠಿಯಲ್ಲಿ ಅದಕ್ಕೆ ಲಿಂಗ, ವಚನ ಹಚ್ಚಿ ಆಡಿದರು. ಅವ್ವ ಮುಪ್ಪಾಗಿ, ಬೇರೆ ಏನೋ ನೆಪದಲ್ಲಿ ಹೋಗುವವರೆಗೂ ಅದು ನೆಲ್ಲಿಕಾಯಿಯಷ್ಟೇ ಇತ್ತು.

ಆ ಬೇಸಿಗೆ ಮುಗಿದು ಮಳೆ ಹಿಡಿಯಿತು. ಮಿರಜೆಯ ಡಾಕ್ಟರ್ ಬೆಟ್ಟದಿಂದ ಇಳಿದಿದ್ದಾನೆಂದು ತಿಳಿಯಿತು. ಇನ್ನೊಮ್ಮೆ ತೋರಿಸುವ ಅಗತ್ಯವಿರಲಿಲ್ಲ, ಆದರೂ ಅವ್ವ ಹಟ ಹಿಡಿದಳು. ಅಪ್ಪ, ಅವ್ವ, ನಾನು ಹೋದೆವು. ನಾನು ಹೋಗಿರಲಿಲ್ಲ ಎಂದು ಅಕ್ಕನ ವಾದ. ಆದರೆ ಒದ್ದೆಯಾದ ಕುದುರೆಯ ವಾಸನೆ ಇನ್ನಾರ ಮೂಗಿನಿಂದ ನನಗೆ ಬಂದೀತು?

ಬಂಗಲೆಯ ಮುಂದೆ ಟಾಂಗಾ ನಿಂತಿತು. ಅಪ್ಪ ಇಳಿಯಲು ಕಾಲು ಚಾಚಿದ.

“ನೀವು ಇಲ್ಲೇ ಕುಂದ್ರಿ” ಎಂದಳು ಅವ್ವ.

“ನಾ ಬರಬೇಕಲ್ಲ, ಅವನ ಮಾತು ನಿನಗ—”

“ಅವನ ಮಾತು ನನಗ ತಿಳೀತದ. ಎತ್ತು, ಇಡು, ನಡಿ. ಕುಂದ್ರಿ.”

ಅಪ್ಪ ಕುಳಿತ. ಸೆರಗು ಹೊದ್ದು ಅವಳು ಒಬ್ಬಳೇ ಮೆಟ್ಟಿಲೇರಿದಳು. ಮಳೆಯ ಪರದೆಯ ಆಚೆ ಮುದುಕ ಬಗ್ಗಿ ನೋಡುವುದು, ಅವಳು ಏನೋ ಕೇಳುವುದು ಕಾಣುತ್ತಿತ್ತು. ಏನು ಕೇಳಿದಳೋ, ಅವನು ನೆಟ್ಟಗೆ ನಿಂತು ಗಟ್ಟಿಯಾಗಿ ನಕ್ಕ. ಆಮೇಲೆ ಅವಳೇ ಹೇಳಿದಳು: “ಇದು ವೆನ್ ಹೌದಲ್ಲ?” ಎಂದು ಮರಾಠಿಯಲ್ಲಿ ಕೇಳಿದಳಂತೆ. ಅದಕ್ಕೆ ಅವನು, “ಈ ಶಬ್ದ ನಮ್ಮಜ್ಜಿ ಆಡುತ್ತಿದ್ದಳು, ಇಲ್ಲಿ ನಿನಗೆ ಯಾರು ಕಲಿಸಿದರು?” ಎಂದು ಬೆರಗಾದನಂತೆ.

ಅಪ್ಪನಿಗೆ ಇಷ್ಟೆಲ್ಲ ಕಾಯುವ ತಾಳ್ಮೆ ಇರಲಿಲ್ಲ. ಅವಳು ಹತ್ತಿರ ಬಂದದ್ದೇ ಶಲ್ಯಕ್ಕೆ ಕೈ ಹಾಕಿ ಅದರ ತುದಿಯನ್ನು ಅವಳತ್ತ ಚಾಚಿದ. ಅದು ಮಳೆಗೆ ತೊಯ್ದು ಭಾರವಾಗಿತ್ತು.

ಅವ್ವ ಆ ತುದಿಯಿಂದ ತಲೆ ಒರೆಸಿಕೊಂಡಳು. ಟಾಂಗಾದವನಿಗೂ, ಬೇಲಿಯ ಆಚೆ ಕೊಡೆ ಹಿಡಿದು ನಿಂತವರಿಗೂ ಕೇಳುವ ಹಾಗೆ ಹೇಳಿದಳು: “ನನಗ ಏನೂ ಆಗಿಲ್ಲ. ನಡೀರಿ ಮನೀಗೆ.”